ನೀವು ಕೊಟ್ಟ ಏಳು ವರ್ಷ

ಹ್ಯಾಮಿಲ್ಟನ್, ನ್ಯೂಜಿಲೆಂಡ್
ಜೂನ್ ೨೦೧೧

ಗ್ರಾಮೀಣ ಕುಟುಂಬ ಸಮೀಕ್ಷೆಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಕಳೆದ ವರ್ಷ ನನ್ನ ಅಕ್ಕ ಪದ್ಮಾವತಿಗೆ ಐವತ್ತಮೂರು. ನಿಮ್ಮ ಇಲಾಖೆ ಅವಳನ್ನು ಅರವತ್ತು ಮಾಡಿತು. ಒಡಹುಟ್ಟಿದವರನ್ನು ಕರೆಸಿಕೊಳ್ಳಬೇಕೆಂದರೆ ಅವರಿಗೆ ಐವತ್ತೈದು ಮೀರಿರಬಾರದು ಎನ್ನುತ್ತದೆ ಇಲ್ಲಿನ ಸರ್ಕಾರ. ಹೀಗಾಗಿ ಅವಳು ಊರಿನಲ್ಲೂ ನಾನು ಇಲ್ಲೂ ಒಬ್ಬೊಬ್ಬರೇ ಉಳಿದಿದ್ದೇವೆ.

ನಡೆದದ್ದೇನೆಂದು ಅಕ್ಕನನ್ನು ಫೋನಿನಲ್ಲಿ ಕೇಳಿದೆ.

"ಸಮೀಕ್ಷೆಯೋರು ಬಂದ್ರು, ಜಗಲಿ ಮೇಲೆ ಕೂತು ವಯಸ್ಸೆಷ್ಟಮ್ಮಾ ಅಂದ್ರು. ನೀವೇ ನೋಡಿ ಬರ್ಕೊಳ್ಳಿ ಸ್ವಾಮಿ ಅಂದೆ. ನಮ್ ವಯಸ್ಸು ನಾವೇ ಹೇಳ್ಕೊಂಡ್ರೆ ಆಯಸ್ಸು ಕಮ್ಮಿ ಆಗಲ್ವೇನೋ?"

"ಅದಕ್ಕವರು?"

"ನನ್ ತಲೆ ನೋಡಿದ್ರು, ಬರ್ಕೊಂಡ್ರು. ಕಾಫಿ ಕುಡ್ಕೊಂಡು ಹೋದ್ರು. ಪಾಪ, ಒಳ್ಳೇ ಮನುಷ್ಯ."

ನರೆಗೂದಲಿನಿಂದ ಹುಟ್ಟಿದ ಆ ಅರವತ್ತೇ ಪಡಿತರ ಚೀಟಿಗೆ, ಅಲ್ಲಿಂದ ಪಾಸ್‌ಪೋರ್ಟಿಗೆ ಏರಿತು. ನಿಮ್ಮ ವರದಿಯನ್ನೂ ಓದಿದೆ. ನಮ್ಮೂರಿನಲ್ಲಿ ನಲವತ್ತು, ಐವತ್ತು ತುಂಬಿದವರಿದ್ದಾರೆ, ಅರವತ್ತರವರಂತೂ ಕಿಕ್ಕಿರಿದಿದ್ದಾರೆ. ಐವತ್ತಮೂರರವರು ಒಬ್ಬರೂ ಇಲ್ಲ. ನಡುವಿನ ವರ್ಷಗಳಲ್ಲಿ ನಮ್ಮ ಜನ ಎಲ್ಲಿಗೆ ಹೋಗಿರುತ್ತಾರೆ, ಮಾನ್ಯರೇ? ನೆಂಟರ ಮನೆಗೆ?

ವಯಸ್ಸು ತಿದ್ದಲು ಶಾಲೆಯ ದಾಖಲೆ ತನ್ನಿ ಎನ್ನುತ್ತದೆ ನಿಮ್ಮ ಕಚೇರಿ. ಅಕ್ಕ ಶಾಲೆಗೆ ಹೋಗಲಿಲ್ಲ. ಒಂಬತ್ತನೆಯ ವಯಸ್ಸಿನಿಂದ ಅವಳ ಸೊಂಟದ ಮೇಲೆ ನಾನಿದ್ದೆ. ದಾಖಲೆ ಇರುವುದು ನನಗೆ. ಅದರ ಪ್ರಕಾರ ನಾನು ಹುಟ್ಟಿದ್ದು ಜೂನ್ ಒಂದು. ಶಾಲೆ ಸೇರಿಸಲು ಅನುಕೂಲವೆಂದು ಮೇಷ್ಟ್ರು ಊರಿನ ಅರ್ಧ ಮಕ್ಕಳನ್ನು ಅದೇ ದಿನ ಹುಟ್ಟಿಸಿದ್ದರು. ಆ ತಾರೀಖನ್ನು ಎರಡು ದೇಶಗಳೂ ಪ್ರಶ್ನಿಸಲಿಲ್ಲ. ನಾನು ಕೆಲಸ ಮಾಡುವ ಹಾಲಿನ ಪ್ರಯೋಗಾಲಯದಲ್ಲಿ ಆ ದಿನ ಕೇಕು ತಂದು ಹಾಡುತ್ತಾರೆ. ಯಾರದೋ ಹುಟ್ಟುಹಬ್ಬಕ್ಕೆ ಬಂದವನಂತೆ ನಾನೂ ಚಪ್ಪಾಳೆ ತಟ್ಟುತ್ತೇನೆ. ಮಿಕ್ಕ ಕೇಕು ಫ್ರಿಜ್ಜಿನಲ್ಲಿ ಒಣಗುತ್ತದೆ.

"ಹುರುಳಿ ಕೀಳೋವಾಗ ಹುಟ್ಟಿದೋನು ನೀನು. ಜೂನಲ್ಲಿ ಹುರುಳಿ ಎಲ್ಲಿರುತ್ತೋ, ದಡ್ಡ?" ಎಂದು ಅಕ್ಕ ನಗುತ್ತಾಳೆ. ಅಪ್ಪ, ಅಮ್ಮ ಹೋದ ಮೇಲೆ ಇದನ್ನು ಬಲ್ಲವಳು ಅವಳೊಬ್ಬಳೇ.

ಆದ್ದರಿಂದ ಅವಳ ಜಗಲಿಗೆ ಇನ್ನೊಮ್ಮೆ ಯಾರನ್ನಾದರೂ ಕಳಿಸಿ. ಅವರು ವಯಸ್ಸು ಕೇಳುವುದು ಬೇಡ. ತಮ್ಮ ಹುಟ್ಟಿದಾಗ ನೀವೆಷ್ಟು ದೊಡ್ಡವರಿದ್ದಿರಿ ಎಂದು ಕೇಳಲಿ. ಅದನ್ನು ಹೇಳಿದರೆ ಆಯಸ್ಸು ಕಮ್ಮಿಯಾಗುವುದಿಲ್ಲ, ಅವಳು ಹೇಳುತ್ತಾಳೆ. ಅದಕ್ಕೆ ನನ್ನ ವಯಸ್ಸನ್ನು ಕೂಡಿಸಿಕೊಳ್ಳಲಿ, ನನ್ನ ದಾಖಲೆಯಲ್ಲಿ ದಿನ ಸುಳ್ಳಾದರೂ ವರ್ಷ ನಿಜ. ನೀವು ಕೊಟ್ಟ ಏಳು ವರ್ಷಗಳನ್ನು ಹಿಂದಕ್ಕೆ ತೆಗೆದುಕೊಳ್ಳಿ. ಬೇಗ. ನಿಮ್ಮ ನೆರವಿಲ್ಲದೆಯೂ ಅವಳು ಐವತ್ತೈದನ್ನು ದಾಟಲಿದ್ದಾಳೆ.

ಇಂತಿ,
ಜೂನ್ ಒಂದರಂದು ಹುಟ್ಟದವನು