ಅಂಡರ್‌ವಾಟರ್ ಸಾಫ್ಟ್‌ವೇರ್

ತಿರುಮಲೇಶ್ ಅಂಕಲ್‌ಗೆ, ಟ್ರಾಯ್‌ನಿಂದ ಇಂಚರಾ ಮಾಡೋ ನಮಸ್ಕಾರ.

ಫೋನಲ್ಲಿ ನೀವು ಯಾರಿಗೂ ಮಾತಾಡೋಕೆ ಬಿಡಲ್ಲ, ಅದಕ್ಕೇ ಈ ವಾಯ್ಸ್ ನೋಟ್. ಮದುವೆ ಮಾತುಕತೇಲಿ ಹುಡುಗನ ಕೆಲಸ ಏನು ಅಂತ ನಮ್ಮಪ್ಪ ಕೇಳಿದಾಗ 'ಅಂಡರ್‌ವಾಟರ್ ಸಾಫ್ಟ್‌ವೇರ್' ಅಂದ್ರಲ್ಲ, ಎಂಥಾ ತಲೆ ಅಂಕಲ್ ನಿಮ್ದು! ನಿಮ್ಮ ಮಗ ಕೇಶವ್ ನನಗೆ ಮೊದಲ ದಿನಾನೇ ನಿಜ ಹೇಳಿದ. ಅಮೆರಿಕನ್ ನೇವಿಯ ಅಣುಶಕ್ತಿ ಸಬ್‌ಮರೀನಲ್ಲಿ ಆರು ವರ್ಷ ರಿಯಾಕ್ಟರ್ ನೋಡ್ಕೊಂಡಿದ್ನಂತೆ, ಉತ್ತರ ಧ್ರುವದ ಹಿಮದ ಕೆಳಗೂ ಹೋಗಿಬಂದನಂತೆ. ನಿಮ್ಮ ಪಕ್ಕದೂರು ಅರೋರಾದ ದೇವಸ್ಥಾನದಲ್ಲಿ ಹೇಳ್ಕೊಳ್ಳೋಕೆ ನಿಮಗೆ ಇದು ಸಾಲ್ದು. ಪಾಪ, ಡಾಕ್ಟರ್ ಆಗಲಿಲ್ವಲ್ಲ.

ನೀರೊಳಗಿದ್ದಾಗ ಸಬ್‌ಮರೀನಿನವರಿಗೆ ಮನೆಯವರ ಮೇಲ್ ಸಿಗುತ್ತೆ, ಉತ್ತರ ಕಳಿಸೋ ಹಾಗಿಲ್ಲ. ಕೇಶವ್‌ಗೆ ನಿಮ್ಮಿಂದ ಬಂದಿದ್ದು ಒಂದೇ: 'ಎಂಬಿಎ ಡೆಡ್‌ಲೈನ್ ಹತ್ರ ಬಂತು, ಯಾಕೆ ರಿಪ್ಲೈ ಇಲ್ಲ?'

ಮೂವತ್ತು ವರ್ಷ ದುಡಿದ ಆ ಸಬ್‌ಮರೀನ್ ಈಗ ರಿಟೈರ್ ಆಗ್ತಿದೆ. ಮುಂದಿನ ತಿಂಗಳು ಅದರ ಬೀಳ್ಕೊಡುಗೆ, ಹಳಬರನ್ನೂ ಮನೆಯವರ ಜೊತೆ ಕರೆದಿದಾರೆ. ಕೇಶವ್ ನಿಮ್ಮ ಹೆಸರು ಕೊಟ್ಟಿದಾನೆ. ನಾನು ಬೇಡ ಅಂದಿದ್ದೆ.

ಬರೋದಾದ್ರೆ ಬನ್ನಿ. ಪಕ್ಕದಲ್ಲಿ ಕೂತೋರು 'ನಿಮ್ಮ ಮಗ ಏನ್ಮಾಡ್ತಿದ್ದ' ಅಂತ ಕೇಳ್ತಾರೆ. ಕೇಶವ್‌ಗೂ ಕೇಳಿಸೋ ಹಾಗೆ ನಿಜ ಹೇಳಿ. ಆಗಲ್ಲ ಅಂದ್ರೆ ಪ್ಲೇನ್‌ಫೀಲ್ಡಲ್ಲಿ ನಿಮ್ಮ ಮನೇಲೇ ಇರಿ, ನಿಮ್ಮ ಕುರ್ಚೀಲಿ ನಮ್ಮಪ್ಪ ಕೂತ್ಕೋತಾರೆ. ಅವರು ಆಗಲೇ 'ನಮ್ಮಳಿಯ ಸಬ್‌ಮರೀನ್ ಓಡಿಸ್ತಿದ್ದ' ಅಂತ ಮೈಸೂರಿಗೆಲ್ಲ ಫೋನ್ ಮಾಡಿ ಹೇಳಿದಾರೆ.

ಇಂತಿ,
ನೀವು ಒಪ್ಪಿದ್ರೂ ಬಿಟ್ರೂ ನಿಮ್ಮ ಸೊಸೆ,
ಇಂಚರಾ