ಒಂದು ಹಲ್ಲಿಗೆ ಎರಡು ಪರದೆ

ಯಶವಂತಪುರ
೧೨-೨-೧೯೬೧

ಪ್ರೀತಿಯ ಗಂಗೂ,

ಸೊಂಟನೋವು ಇಳಿಯಿತೆ? ಮಗಳು ಹಾಲು ಕುಡಿದು ಸುಖವಾಗಿ ಮಲಗುತ್ತಿದ್ದಾಳೆಯೆ? ಮಾಕಳಿಯ ಬೆಳಗಿನ ಚಳಿಗೆ ತಾಯಿ ಮಗಳಿಬ್ಬರೂ ಕಿವಿಗೆ ಬಟ್ಟೆ ಕಟ್ಟಿಕೊಳ್ಳಿ. ಇನ್ನು ನನ್ನ ಸಮಾಚಾರ. ನೀನೂ ಕೇಳು, ಅಷ್ಟದಿಕ್ಕುಗಳೂ ಕೇಳಲಿ: ನಿನ್ನ ಗಂಡನ ಮುಂದಿನ ಹಲ್ಲು ಉಳಿಯಿತು!

ಕೀಳಿಸಿಬಿಡು ಎಂದು ನಮ್ಮ ನಾಟಕದವರೆಲ್ಲ ಹೇಳಿದರು. ನಾನು ಜಗ್ಗಲಿಲ್ಲ. ಆ ಹಲ್ಲು ಹೋದರೆ ಮಾತಿನ ಜೊತೆ ಗಾಳಿಯೂ ಹೊರಡುತ್ತದೆ. ನಾಮಕರಣದ ದಿನ ಮಗಳ ಕಿವಿಯಲ್ಲಿ ಹೆಸರು ಹೇಳಲೋ, ಸೀಟಿ ಊದಲೋ? (ನಿಮ್ಮಮ್ಮ ನನಗೆ ಹೇಳಲು ಬಿಡುತ್ತಾರೋ ಇಲ್ಲವೋ, ಆ ಮಾತು ಆಮೇಲೆ.) ಸ್ಟೇಷನ್ ರಸ್ತೆಯ ಹಲ್ಲಿನ ಡಾಕ್ಟರು ಮೊಯಿನುದ್ದೀನ್ ಸಾಹೇಬರ ಬಳಿಗೆ ಹೋದೆ. ಬೇರಿನ ಕೊಳೆ ತೆಗೆದು ಮದ್ದು ತುಂಬಬೇಕು, ಅಷ್ಟು ಹೊತ್ತೂ ಒಂದು ಹನಿ ಎಂಜಲು ತಾಗಬಾರದು ಎಂದರು. ಅದಕ್ಕಾಗಿ ಬಾಯಿಗೇ ರಬ್ಬರ್ ಹಾಳೆಯ ಪರದೆ! ಹಾಳೆಗೆ ಒಂದು ತೂತು, ತೂತಿನಿಂದ ಹಲ್ಲು ಮಾತ್ರ ಹೊರಗೆ.

ಅವರಲ್ಲಿ ಎರಡು ಬಗೆಯ ಹಾಳೆಗಳಿದ್ದವು. ಒಂದು ತೆಳು, ಈರುಳ್ಳಿ ಸಿಪ್ಪೆಯ ಬಣ್ಣ. ಎಳೆದಷ್ಟೂ ಬರುತ್ತದೆ, ಹಲ್ಲಿನ ಸಂದಿಯಲ್ಲಿ ರೇಷ್ಮೆಯಂತೆ ಜಾರುತ್ತದೆ. ಇನ್ನೊಂದು ದಪ್ಪ, ಸೈಕಲ್ ಟ್ಯೂಬಿನ ಕಪ್ಪು, ಅದರದ್ದೇ ವಾಸನೆ. ಹಿಗ್ಗಲು ಹಟ, ಒಮ್ಮೆ ಹಿಗ್ಗಿ ಕೂತಿತೋ ಹಲ್ಲಿನ ಕುತ್ತಿಗೆಯನ್ನು ಬಿಡುವುದಿಲ್ಲ. "ತೆಳ್ಳಗಿರೋದು ನಿಮಗೆ ಆರಾಮ ಕಣ್ರೀ ನರಸಯ್ಯ, ಆದ್ರೆ ಒಂದ್ಸಲ ಕೂಗಿದ್ರೂ ಹರ್ದೋಗುತ್ತೆ" ಎಂದರು. ನಾನು ಆರಾಮವನ್ನೇ ಆರಿಸಿಕೊಂಡೆ.

ಕುರ್ಚಿ ಹಿಂದಕ್ಕೆ ಬಾಗಿತು. ಸೂಜಿಮದ್ದಿಗೆ ತುಟಿ ಎಲ್ಲಿದೆಯೆಂಬುದೇ ಮರೆತುಹೋಯಿತು. ಹಾಳೆಗೆ ಸವರಿದ್ದ ಪುಡಿ ಬಣ್ಣದ ಮನೆಯ ಪೌಡರಿನಂತೆ ಮೂಗಿಗೆ ಬಂತು. ಪರದೆಯ ಹಿಂದೆ ಕತ್ತಲಲ್ಲಿ ನಾನು. ಮುಂದೆ, ದೀಪದ ಬೆಳಕಿನಲ್ಲಿ, ನನ್ನ ಹಲ್ಲೊಂದೇ ಕಿರೀಟವಿಲ್ಲದ ರಾಜನಂತೆ ನಿಂತಿದೆ. ಮೋಡದ ಮೇಲೆ ಯಾರೋ ಚಾಪೆ ಹಾಸಿ ಮಲಗಿಸಿದಂತೆ ಕಣ್ಣು ತೇಲಿತು. ಅಷ್ಟರಲ್ಲಿ ರೈಲು ಬರುವುದಿತ್ತೇನೋ, ಸ್ಟೇಷನ್ನಿನಲ್ಲಿ ಗಂಟೆ ಬಾರಿಸಿದರು. ನನಗದು ನಾಟಕದ ಮೂರನೆಯ ಬೆಲ್ಲು, ಪರದೆ ಏಳುವ ಬೆಲ್ಲು! "ಎಲವೋ!" ಎಂದು ಗರ್ಜಿಸಿಯೇಬಿಟ್ಟೆ. ತೆಳು ಹಾಳೆ ತೂತಿನಿಂದ ಅಂಚಿನವರೆಗೆ ಹರಿಯಿತು. "ಯಾ ಅಲ್ಲಾ! ಇದು ಬಾಯೇನ್ರೀ, ರೈಲ್ ಇಂಜಿನ್ನೇನ್ರೀ?" ಎಂದು ಸಾಹೇಬರು ದಪ್ಪ ಹಾಳೆಗೇ ಕೈ ಹಾಕಿದರು. ದವಡೆ ಸೋತಿತು, ಹಾಳೆ ಸೋಲಲಿಲ್ಲ. ಒಂದು ಹನಿ ಎಂಜಲೂ ತಾಗದ ಹಲ್ಲಿಗೇ ಮದ್ದು ಇಳಿಯಿತು.

ಅತ್ತೆಯವರಿಗೆ ನಮಸ್ಕಾರ, ನಿಮ್ಮಣ್ಣ ಲಕ್ಕಣ್ಣನಿಗೆ ನೆನಪು, ನಿನಗೂ ಮಗಳಿಗೂ ಈ ಉಳಿದ ಹಲ್ಲಿನ ತುಂಬು ನಗೆ.

ನಿನ್ನ,
ನರಸಯ್ಯ

ಬರೆಯಬೇಕಾದದ್ದೇ ಉಳಿಯಿತು: ಹೋದ ಸಲ ನಾನು "ಮಗಳೇ" ಎಂದದ್ದಕ್ಕೆ ಕೂಸು ಬೆಚ್ಚಿ ಅತ್ತಿತಲ್ಲ. "ಅಳಿಯಂದ್ರೇ, ನಿಮ್ ಗಂಟ್ಲು ಎಳೆ ಕಿವಿಗೆ ಆಗಾಕಿಲ್ಲ. ಎಸ್ರು ಲಕ್ಕಣ್ಣನೇ ಏಳ್ಲಿ" ಎಂದುಬಿಟ್ಟರು ನಿಮ್ಮಮ್ಮ. ಇವತ್ತು ಆ ದಪ್ಪ ಹಾಳೆಯ ಹಿಂದೆ, ನಾವಿಬ್ಬರೂ ಆರಿಸಿದ ಹೆಸರನ್ನು ಹೇಳಿ ನೋಡಿದೆ. ಮೊದಲು ಹಾಳೆ ಉಬ್ಬಿತು. ದನಿ ಇಳಿಸಿದೆ, ನಡುಗಿತು. ಇನ್ನೂ ಇಳಿಸಿದೆ. ಹಾಳೆ ಅಲುಗಲಿಲ್ಲ, ಮುಖದ ಮೇಲೇ ಬಾಗಿದ್ದ ಸಾಹೇಬರಿಗೂ ಕೇಳಿಸಲಿಲ್ಲ. ಅಮ್ಮನಿಗೆ ಹೇಳು ಗಂಗೂ, ಅಷ್ಟು ಮೆಲ್ಲಗೆ ಹೇಳಬಲ್ಲೆ.