ಸುತ್ತುದಾರಿ ಬೇಡ

ಬಂಗಾಲಿ ಟೋಲಾ, ಕಾಶಿ
೧೮ ಸೆಪ್ಟೆಂಬರ್ ೨೦೨೪, ಬುಧವಾರ

ವಚನಾಳ ಅಪ್ಪಾಜಿಯವರಿಗೆ,

ಭವಾನಿಯ ಶರಣು. ಇಲ್ಲಿ ಎಲ್ಲ ಕ್ಷೇಮ ಅಂತ ಬರೆಯುವುದು ರೂಢಿ. ನೀವು ಬರೆದಿರಲಿಲ್ಲ, ನಾನೂ ಬರೆಯುವುದಿಲ್ಲ. ನೀವು ಹಾಗೆ ಬರೆದಿದ್ದರೆ ನಿಮ್ಮ ಪತ್ರವನ್ನು ಮೊದಲ ಸಾಲಿಗೇ ಮಡಚಿ ಇಟ್ಟುಬಿಡುತ್ತಿದ್ದೆ.

ಪತ್ರ ಸೋಮವಾರ ಕೈಸೇರಿತು. ನಾನು ಮಠದ ಆಫೀಸಿನಲ್ಲಿ ಕೂತು ರಾಣೇಬೆನ್ನೂರಿನಿಂದ ಬಂದ ಯಾತ್ರಿಕರಿಗೆ ರೂಮಿನ ಕೀಲಿ ಕೊಡುತ್ತಿದ್ದೆ. ನಿಮ್ಮ ರೈಲ್ವೆಯ ಅನ್ನದಾನಯ್ಯನವರು ಬಂದು, "ಕಾಂತೇಶ ಸರ್ ಬರೇಲಿಯಿಂದ ಕೊಟ್ಟು ಕಳಿಸ್ಯಾರ್ರೀ ಅಕ್ಕಾರ, ನಿಮ್ಮ ಕೈಯಾಗ ಕೊಡ್ರಿ ಅಂದಾರ" ಎಂದರು. ನಾನು ಪತ್ರವನ್ನು ಡ್ರಾಯರಿಗೆ ಹಾಕಿ ಇನ್ನೂ ನಾಲ್ಕು ಮಂದಿಗೆ ಕೀಲಿ ಕೊಟ್ಟೆ. ನನ್ನ ಗಟ್ಟಿತನ ನಿಮಗೆ ಗೊತ್ತಿರುವುದೇ. ಎರಡು ವರ್ಷದಿಂದ ನಿಮ್ಮ ಫೋನ್ ಒಂದು ಸಲವೂ ಎತ್ತಿದವಳಲ್ಲ.

ನೀವು ಎರಡು ಮಾತು ಕೇಳಿದ್ದೀರಿ. ಮೊದಲನೆಯದು, ಬರುವ ತಿಂಗಳು ಸಿದ್ಧಕೋಟದ ಪಾಳುಗುಡಿಗೆ ಯಾವ ದಾರಿಯಲ್ಲಿ ಹೋಗೋಣ ಅಂತ. ಈ ವರ್ಷ ದಾಟಿದರೆ ನಿಮ್ಮ ಮಂಡಿಗೆ ಬೆಟ್ಟ ಹತ್ತುವುದು ಸಾಧ್ಯವಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಮಗಳು ನೋಡಬೇಕು ಅಂತ ಹೊರಟು ನೋಡದೇ ಹೋದ ಗುಡಿಯಲ್ಲಿ ಇಬ್ಬರೂ ಕೂಡಿ ಎರಡು ಬಿಲ್ವಪತ್ರೆ ಇಟ್ಟು ಬರೋಣ ಅಂತ ನಿಮ್ಮ ಆಸೆ. ಕಡಿದಾದ ದಾರಿ ನಾಲ್ಕು ದಿನ, ಸುತ್ತುದಾರಿ ಏಳು ದಿನ. ಇಪ್ಪತ್ತೈದನೇ ತಾರೀಖಿನೊಳಗೆ ಗೈಡ್‌ಗೆ ಹೇಳಬೇಕು. ಸುತ್ತುದಾರಿಯಲ್ಲೇ ಹೋಗೋಣ, ಆ ಹಳ್ಳ ನಿನ್ನ ಕಣ್ಣಿಗೆ ಬೀಳುವುದು ಬೇಡ ಅಂತ ನೀವೇ ಬರೆದಿದ್ದೀರಿ. ಅದನ್ನು ಓದಿ ಪತ್ರ ಕೆಳಗಿಟ್ಟೆ, ರೀ. ನಾನು ಅಷ್ಟೆಲ್ಲ ಅಂದ ಮೇಲೂ ನನ್ನ ಕಣ್ಣಿನ ಚಿಂತೆ ನಿಮಗೆ.

ಎರಡನೆಯ ಮಾತಿಗೆ ಆಮೇಲೆ ಬರುತ್ತೇನೆ.

ಆ ವರ್ಷ ಈ ಎರಡು ದಾರಿಗಾಗಿ ನಮ್ಮ ಮನೆಯಲ್ಲಿ ಎಷ್ಟು ಜಗಳವಾಯಿತು, ನೆನಪಿದೆಯೇ? ಕ್ಯಾಲೆಂಡರ್ ಹಾಳೆಯ ಹಿಂದೆ ನೀವು ಕೆಂಪು ಪೆನ್ನಿನಲ್ಲಿ ಒಂದು, ನೀಲಿಯಲ್ಲಿ ಒಂದು ಗೆರೆ ಎಳೆದಿರಿ. ವಚನಾ ಆಗ ಬಿ.ಎ. ಕೊನೆಯ ವರ್ಷ, ಹಳೆಯ ಗುಡಿಗಳ ಹುಚ್ಚು. ಆ ಗುಡಿಯ ಬಾಗಿಲ ಮೇಲಿನ ಕೆತ್ತನೆಯ ಚಿತ್ರ ತೆಗೆದು ಕಾಲೇಜಿಗೆ ಬರೆದುಕೊಡಬೇಕಿತ್ತು. ನಾನು ಸುತ್ತುದಾರಿ ಅಂತ ಹಟ ಹಿಡಿದೆ. ಅಲ್ಲಿ ಪ್ರತಿ ತಂಗುದಾಣದಲ್ಲೂ ಊರಿದೆ, ಮನೆ ಇದೆ, ಫೋನ್ ಸಿಗುತ್ತದೆ. ಕಡಿದಾದ ದಾರಿಯಲ್ಲಿ ಮೊದಲ ರಾತ್ರಿ ತಂಗುವ ದಿಬ್ಬವೊಂದು ಬಿಟ್ಟರೆ ಎಲ್ಲೂ ಫೋನೂ ಇಲ್ಲ, ನರಮನುಷ್ಯರೂ ಇಲ್ಲ. ನಿಮಗೆ ಸಿಕ್ಕಿದ್ದು ಎಂಟೇ ದಿನದ ರಜೆ, ಅದರಲ್ಲಿ ಹೋಗಿ ಬರುವ ಪ್ರಯಾಣಕ್ಕೇ ಎರಡು ದಿನ. ಅಪ್ಪಾಜಿಗೆ ಛುಟ್ಟಿ ಇಲ್ಲವಲ್ಲ ಅವ್ವಾ ಅಂತ ಅವಳೂ ನಿಮ್ಮ ಕಡೆ ಸೇರಿಕೊಂಡಳು. ಹಾಳಾಗಿ ಹೋಗಿ, ಏನಾದರೂ ಆದರೆ ನನ್ನನ್ನು ಕೇಳಬೇಡಿ ಅಂತ ನಾನು ಅಡುಗೆಮನೆಗೆ ಎದ್ದು ಹೋದೆ. ಬಾಯಿಗೆ ಬಂದದ್ದನ್ನು ಆಡುವವಳು ನಾನು. ಆ ಹಾಳೆ ಇನ್ನೂ ಬೀರುವಿನಲ್ಲಿದೆ.

ಅದಕ್ಕೇ ಅವಳನ್ನು ಮಣ್ಣಿಗೆ ಇಳಿಸುವ ದಿನ ಮಠದವರೆಲ್ಲರ ಎದುರಿಗೆ ನಿಮ್ಮ ಕಡೆ ಕೈ ತೋರಿಸಿ, "ಇವರೇ ಕೊಂದವರು, ಬ್ಯಾಡ ಅಂದ ದಾರೀಲಿ ಕರಕೊಂಡು ಹೋಗಿ ಕೊಂದರು" ಅಂತ ಕೂಗಿದೆ. ಸಂಸ್ಕಾರ ಮಾಡಿಸುತ್ತಿದ್ದ ಮಠದ ಹಾಲಯ್ಯನವರು ಮಂತ್ರ ನಿಲ್ಲಿಸಿ, "ತಾಯಿ, ಸುಮ್ಮನಿರಿ" ಅಂದರು. ನಾನು ಸುಮ್ಮನಾಗಲಿಲ್ಲ. ನೀವು ಗುಂಡಿಯಲ್ಲಿ ಕೂರಿಸಿದ ಮಗಳ ಹೆಗಲನ್ನು ಬೀಳದಂತೆ ಹಿಡಿದುಕೊಂಡೇ ಇದ್ದಿರಿ. ತಿಂಗಳೊಳಗೆ ಬರೇಲಿಗೆ ವರ್ಗ ಕೇಳಿಕೊಂಡು ಹೋದಿರಿ. ನಾನು ತಡೆಯಲಿಲ್ಲ.

ಈ ಊರು ನನ್ನಂಥವಳಿಗೆ ತಕ್ಕದ್ದಲ್ಲ. ನಮ್ಮ ಗಲ್ಲಿಯ ಬಾಯಿಗೆ ಹೋದರೆ ಸಾಕು, ದಿನಕ್ಕೆ ಎಷ್ಟು ಹೆಣ ಮಣಿಕರ್ಣಿಕೆಯ ಕಡೆ ಹೋಗುತ್ತವೋ. ರಾಮ್ ನಾಮ್ ಸತ್ಯ ಹೈ ಅಂತ ಕೂಗುತ್ತಾ ಗೋದೌಲಿಯಾದ ಜನಜಂಗುಳಿಯಲ್ಲೇ ದಾರಿ ಮಾಡಿಕೊಂಡು ಹೋಗುತ್ತಾರೆ. ಸುಟ್ಟು, ಬೂದಿಯನ್ನು ಹೊಳೆಗೆ ಬಿಟ್ಟು, ಸಂಜೆಗೆ ಕಚೋರಿ ತಿಂದು ರೈಲು ಹತ್ತುತ್ತಾರೆ. ಅವರಿಗೆ ಮುಗಿಯಿತು. ಮೇಲಿನ ಮನೆಯ ಮಾತಾಜಿ ಈಗಲೂ ಬಿಡುವುದಿಲ್ಲ. "ಕಾಶೀ ಮೇ ರಹ್ ಕೇ ಭೀ ಬಿಟಿಯಾ ಕೋ ಮಿಟ್ಟೀ ದೇ ದಿಯಾ?" ಅಂತಾಳೆ. ಕಾಶಿಯಲ್ಲಿದ್ದೂ ಮಗಳನ್ನು ಹೂತಿರಲ್ಲ ಅಂತ ಅವಳ ಸಂಕಟ. ನಮ್ಮಲ್ಲಿ ಸುಡುವುದಿಲ್ಲ, ಲಿಂಗವನ್ನು ಅಂಗೈಯಲ್ಲಿಟ್ಟು ಕೂರಿಸಿ ಮಣ್ಣು ಕೊಡುತ್ತೇವೆ ಅಂತ ಎಷ್ಟು ಸಲ ಹೇಳಿದರೂ ಅವಳಿಗೆ ತಿಳಿಯದು. ನನಗೂ ಹೇಳಿ ಹೇಳಿ ಸಾಕಾಗಿದೆ. ದಿನಾ ಬೆಳಿಗ್ಗೆ ಸಮಾಧಿಯ ಮೇಲೆ ನೀರು ಹಾಕಿ, ಪತ್ರೆ ಇಟ್ಟು ಬರುತ್ತೇನೆ. ಅಲ್ಲಿ ನಿಂತು ಒಂದು ಮಾತಾದರೂ ಆಡಲು ಈ ಎರಡು ವರ್ಷದಲ್ಲಿ ನನಗೆ ಬಾಯಿ ಬಂದಿಲ್ಲ.

ಈಗ ನಿಮ್ಮ ಎರಡನೆಯ ಮಾತು. ಇದನ್ನು ಓದುವಾಗ ಎಲ್ಲಾದರೂ ಕುಳಿತುಕೊಳ್ಳಿ.

ನೀವು ಬರೆದದ್ದು ಹೀಗೆ. ಎರಡನೆಯ ದಿನ ಬೆಳಿಗ್ಗೆ, ದಿಬ್ಬದ ಮೇಲೆ, ನೀವು ಗೈಡ್ ಜೊತೆ ಡೇರೆ ಬಿಚ್ಚುತ್ತಿದ್ದಿರಿ. ಅವಳು ಬಂದು, ನೀರಿನ ಬಾಟ್ಲಿ ನಿನ್ನೆ ಹಳ್ಳದ ಹತ್ತಿರ ಮರೆತೆ, ತಂದುಬಿಡುತ್ತೇನೆ ಅಂದಳು. ಅರ್ಧ ಗಂಟೆಯ ಇಳಿಜಾರು, ಹಿಂದಿನ ದಿನ ಬಂದ ದಾರಿಯೇ, ಹೋಗಿ ಬಾ ಅಂದಿರಿ. ಹತ್ತು ಗಂಟೆಯವರೆಗೂ ದಿಬ್ಬದ ಮೇಲೆ ಕೂತು ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದಿರಿ, ಅವಳು ಫೋಟೋ ತೆಗೆಯುತ್ತಾ ಕೂತಿರಬೇಕು ಅಂದುಕೊಂಡಿರಿ. ಆಮೇಲೆ ಹುಡುಕಲು ಇಳಿದಿರಿ. ಮಧ್ಯಾಹ್ನ ಒಂದು ಗಂಟೆಗೆ ಬಂಡೆಗಳ ಕೆಳಗೆ, ನೀರಿನಲ್ಲಿ ಸಿಕ್ಕಳು. ಅವಳ ಚೀಲ ಬಿಚ್ಚಿದರೆ ಬಾಟ್ಲಿ ಒಳಗೇ ಇತ್ತು, ತುಂಬಿದ ಹಾಗೇ ಇತ್ತು. ಹಾಗಾದರೆ ಯಾಕೆ ಹೋದಳು ಭವಾನಿ, ಬಾಟ್ಲಿ ಚೀಲದಲ್ಲೇ ಇತ್ತಲ್ಲ, ಯಾಕೆ ಹೋದಳು ಅಂತ ಒಂದೇ ಪುಟದಲ್ಲಿ ಮೂರು ಸಲ ಬರೆದಿದ್ದೀರಿ. ಮೂರನೆಯ ಸಲ ಶಾಯಿ ಹರಡಿದೆ.

ಯಾಕೆ ಹೋದಳು ಅಂತ ನನಗೆ ಗೊತ್ತು. ನಾನೇ ಕಳಿಸಿದೆ.

ಅವತ್ತು ಸೋಮವಾರ. ಏಳೂವರೆಗೆ ದಿಬ್ಬದಿಂದ ನನಗೆ ಫೋನ್ ಮಾಡಿದಳು. ಹಿಮದ ಬೆಟ್ಟ ಕಾಣುತ್ತಿದೆ, ಅಪ್ಪಾಜಿ ರಾತ್ರಿಯೆಲ್ಲ ಗೊರಕೆ ಹೊಡೆದರು ಅಂತ ನಗುತ್ತಿದ್ದಳು. ನಾನು, "ಪೂಜೆ ಆಯ್ತೇನೇ?" ಅಂದೆ. ಹೂಂ ಅಂದಳು. ಆ ಹೂಂ ನನಗೆ ಹಿಡಿಸಲಿಲ್ಲ. ಹೆತ್ತವಳಿಗೆ ತಿಳಿಯುವುದಿಲ್ಲವೇ? "ಲಿಂಗ ಮುಟ್ಟಿ ಹೇಳು" ಅಂದೆ. ಅವಳು ಕೊರಳು ತಡಕುವ ಸದ್ದು. ಆಮೇಲೆ ಸಣ್ಣ ದನಿಯಲ್ಲಿ, "ಅವ್ವಾ, ನಹೀ ಹೈ" ಅಂದಳು.

ಕೊರಳಿನಲ್ಲಿ ಲಿಂಗ ಕಟ್ಟಿದ ಶಿವದಾರವೇ ಇರಲಿಲ್ಲ. ಮನೆ ಬಿಟ್ಟು ಮೂರನೇ ದಿನ, ಅವಳು ಒಮ್ಮೆಯೂ ಪೂಜೆಗೆ ಕೂತಿರಲಿಲ್ಲ, ಅದಕ್ಕೇ ಇಲ್ಲದ್ದು ಗೊತ್ತಾಗಿರಲಿಲ್ಲ. ಹಿಂದಿನ ಸಂಜೆ ಹಳ್ಳದಲ್ಲಿ ತಲೆಗೆ ನೀರು ಹಾಕಿಕೊಂಡಾಗ ಬಿದ್ದಿರಬೇಕು ಅಂತ ಅಳುತ್ತಾ ಹೇಳಿದಳು. ನನಗೆ ಕೋಪ ನೆತ್ತಿಗೇರಿತು. ಹುಟ್ಟಿದ ಹನ್ನೊಂದನೇ ದಿನ ನನ್ನ ತವರಿನ ಗುರುಗಳು ಕಟ್ಟಿದ ಲಿಂಗ ಅದು. ಲಿಂಗ ಕಳೆದುಕೊಂಡವಳು ಬಾಯಿಗೆ ನೀರು ಹಾಕಬಾರದು ಅಂತ ನನ್ನ ಅಜ್ಜಿ ನೀಲಗಂಗಮ್ಮ ಹೇಳುತ್ತಿದ್ದಳು, ನಾನು ಅದನ್ನೇ ನಂಬಿ ಬೆಳೆದವಳು. "ಹೋಗು, ಹುಡುಕು. ಸಿಗೋವರೆಗೂ ಒಂದು ಗುಟುಕು ನೀರೂ ಕುಡಿಯಬೇಡ. ನನಗೆ ಮುಖಾನೂ ತೋರಿಸಬೇಡ" ಅಂದೆ. ಅಪ್ಪಾಜಿಗೆ ಹೇಳಬೇಡ, ಅವರು ನಕ್ಕು, ಮಠದಲ್ಲಿ ಇನ್ನೊಂದು ಕಟ್ಟಿಸೋಣ ಬಿಡು ಅಂತಾರೆ ಅಂತಲೂ ಅಂದೆ. "ಔರ್ ನಹೀ ಮಿಲಾ ತೋ, ಅವ್ವಾ?" ಅಂದಳು. ಸಿಗದಿದ್ದರೆ ಏನು ಅಂತ ಕೇಳಿದ ಆ ಮಗುವಿಗೆ ನಾನು ಉತ್ತರ ಕೊಡದೇ ಫೋನ್ ಇಟ್ಟೆ.

ಬಾಟ್ಲಿ ಯಾಕೆ ತುಂಬಿತ್ತು ಅಂತ ಈಗ ತಿಳಿಯಿತಲ್ಲ. ಅವ್ವನ ಮಾತು ಕೇಳುವುದಿಲ್ಲ ಅಂತ ಅವಳನ್ನು ಜನ್ಮವಿಡೀ ಬೈದೆ. ಅದೊಂದನ್ನು ಮಾತ್ರ ಕೇಳಿದಳು.

ನಿಮಗೆ ಯಾಕೆ ಹೇಳಲಿಲ್ಲ ಅಂತ ನೀವು ಕೇಳುವಿರಿ. ಮೊದಲ ದಿನ ಬಾಯಿ ಕಟ್ಟಿತ್ತು. ಎರಡನೇ ದಿನ ನಿಮ್ಮ ಮೇಲೆ ಕೂಗಿಬಿಟ್ಟಿದ್ದೆ, ಎಲ್ಲರೂ ನನ್ನ ಮಾತು ನಂಬಿ ನನ್ನ ಬೆನ್ನು ಸವರಿದ್ದರು. ಆಮೇಲೆ ಹೇಳುವುದಕ್ಕೆ ದಿನವೇ ಬರಲಿಲ್ಲ. ನಾನು ಮನಸ್ಸಿನಲ್ಲಿ ಒಂದು ಲೆಕ್ಕ ಹಾಕಿಕೊಂಡೆ. ಸುತ್ತುದಾರಿಯಲ್ಲಿ ಹೋಗಿದ್ದರೆ ಫೋನ್ ಎಲ್ಲ ಕಡೆ ಸಿಗುತ್ತಿತ್ತು, ಅರ್ಧ ಗಂಟೆ ಬಿಟ್ಟು ನನ್ನ ಸಿಟ್ಟು ಇಳಿದ ಮೇಲೆ ವಾಪಸ್ ಕರೆಯುತ್ತಿದ್ದೆ, ಹಳ್ಳಕ್ಕೆ ಇಳಿದವಳಿಗೆ ಫೋನ್ ಹೋಗದಂಥ ದಾರಿ ಹಿಡಿದದ್ದು ನೀವು, ಆದ್ದರಿಂದ ಕೊಂದವರು ನೀವು. ಈ ಲೆಕ್ಕವನ್ನು ಎರಡು ವರ್ಷ ದಿನಾ ಒಪ್ಪಿಸಿಕೊಂಡು ಬದುಕಿದೆ. ನಿಮ್ಮ ಪತ್ರ ಓದಿದ ಮೇಲೆ ಅದು ನಿಲ್ಲುತ್ತಿಲ್ಲ.

ಸುತ್ತುದಾರಿ ನನಗೆ ಬಲು ಸುಖದ್ದು. ಆ ಹಳ್ಳ ಬರುವುದಿಲ್ಲ. ಏಳು ದಿನ ನಿಮ್ಮ ಪಕ್ಕದಲ್ಲೇ ನಡೆದು, ನಿಮ್ಮಿಂದ ಚಹಾ ಮಾಡಿಸಿಕೊಂಡು ಕುಡಿದು, ಗುಡಿಯಲ್ಲಿ ಪತ್ರೆ ಇಟ್ಟು ಅತ್ತು, ನಿಮ್ಮನ್ನು ಕ್ಷಮಿಸಿದವಳ ಹಾಗೆ ಇಳಿದು ಬರಬಹುದು. ಸೋಮವಾರ ಸಂಜೆಯವರೆಗೂ ಅದನ್ನೇ ಬರೆಯಬೇಕು ಅಂತಿದ್ದೆ. ಸುಳ್ಳು ಹೇಳುವುದಿಲ್ಲ, ಹಾಗೆ ಬರೆದ ಒಂದು ಪತ್ರವನ್ನು ನಿನ್ನೆ ಹರಿದು ಹಾಕಿದೆ.

ಗೈಡ್‌ಗೆ ಕಡಿದಾದ ದಾರಿ ಅಂತ ಹೇಳಿ. ಹಳ್ಳದ ಹತ್ತಿರ ನಿಲ್ಲಬೇಕು. ಅವಳು ಎಲ್ಲಿ ಹುಡುಕಿದಳೋ ಅಲ್ಲಿ ನಾನು ಕಾಲಿಟ್ಟು ನೋಡಬೇಕು. ಇದನ್ನು ಓದಿದ ಮೇಲೆ ನನ್ನ ಜೊತೆ ನಡೆಯಲು ನಿಮಗೆ ಮನಸ್ಸಾಗದಿದ್ದರೆ ನಾನು ಒಬ್ಬಳೇ ಗೈಡ್ ಜೊತೆ ಹೋಗುತ್ತೇನೆ, ನೀವು ಬೇರೆ ದಿನ ಹೋಗಿ. ಬಂದರೂ ಮಾತಾಡಿಸಬೇಕಾಗಿಲ್ಲ. ಮುಂದೆ ನಡೆಯಿರಿ, ನಾನು ಹಿಂದೆ ಬರುತ್ತೇನೆ. ಸಮಾಧಾನ ಮಾಡಲು ಮಾತ್ರ ಬರಬೇಡಿ, ರೀ. ನಿಮ್ಮ ಒಳ್ಳೆಯತನ ನನಗೆ ತಡೆಯಲಾಗುವುದಿಲ್ಲ. ಹಾಲಯ್ಯನವರಿಗೂ ನಾಳೆ ಇಷ್ಟನ್ನೂ ಹೇಳುತ್ತೇನೆ. ಅವರ ಎದುರಿಗೇ ನಿಮ್ಮನ್ನು ಅಂದದ್ದು, ಅವರ ಎದುರಿಗೇ ಹಿಂದಕ್ಕೆ ತೆಗೆದುಕೊಳ್ಳಬೇಕು.

ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ. ಉಣ್ಣೆಯ ಕಾಲುಚೀಲ ನಿಮ್ಮವು ಇಲ್ಲೇ ಉಳಿದಿವೆ, ಅನ್ನದಾನಯ್ಯನವರ ಕೈಯಲ್ಲಿ ಈ ಪತ್ರದ ಜೊತೆ ಕಳಿಸುತ್ತಿದ್ದೇನೆ.

ವಚನಾಳ ಅವ್ವ,
ಭವಾನಿ

ಮರೆತು ಬಿಟ್ಟದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು: ಲಿಂಗ ಹಳ್ಳದಲ್ಲಿ ಬಿದ್ದಿರಲಿಲ್ಲ. ಅದೇ ಸೋಮವಾರ ಒಂಬತ್ತು ಗಂಟೆಗೆ ಬಟ್ಟೆ ಒಗೆಯಲು ಹೋದಾಗ ಬಚ್ಚಲ ಬಾಗಿಲ ಹಿಂದೆ ಅವಳ ಹಳೆಯ ಚೂಡಿದಾರ ಎತ್ತಿದೆ. ಅದರ ಕೆಳಗೆ ಮೊಳೆಗೆ ಶಿವದಾರ ನೇತಾಡುತ್ತಿತ್ತು. ಹೊರಡುವ ದಿನ ಸ್ನಾನಕ್ಕೆ ತೆಗೆದು ಅಲ್ಲೇ ಮರೆತಿದ್ದಳು. ಹಾಲಯ್ಯನವರು ಹೊಸ ಲಿಂಗ ತಂದು ಅವಳ ಅಂಗೈಯಲ್ಲಿಡುವಾಗ ಅವಳದು ನನ್ನ ಸೆರಗಿನ ಗಂಟಿನಲ್ಲಿತ್ತು. ಅದನ್ನು ಹಳ್ಳದ ಹತ್ತಿರ ನಿಮ್ಮ ಕೈಗೆ ಕೊಡುತ್ತೇನೆ. ಸಿಕ್ಕಿದ ಕೂಡಲೇ ಅವಳಿಗೆ ನಲವತ್ತು ಸಲ ಫೋನ್ ಮಾಡಿದೆ, ಒಂದೂ ಹೋಗಲಿಲ್ಲ. ನೀವು ಹತ್ತು ಗಂಟೆಯವರೆಗೂ ದಿಬ್ಬದ ಮೇಲೇ ಇದ್ದಿರಿ, ನಿಮ್ಮ ಫೋನ್ ಹತ್ತುತ್ತಿತ್ತು. ನೀವು ನಗುತ್ತೀರಿ ಅಂತ ನಿಮಗೆ ಒಂದು ಸಲವೂ ಮಾಡಲಿಲ್ಲ.